ಅವ್ವನ ಬಾಗಿಲಿನ ಬಣ್ಣ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಅಂಗಳಕ್ಕೆ ನೀರು ಚಿಮುಕಿಸಿ ಸುಮ್ಮನೆ ಒಳಗೆ ಬಂದಳು. ರಂಗೋಲಿ ಡಬ್ಬಿ ಕಿಟಕಿಯ ಮೇಲೆ ಇದ್ದಲ್ಲೇ ಇತ್ತು. ಅವ್ವ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಒದ್ದೆ ಮಣ್ಣಿನ ವಾಸನೆ ಮಾತ್ರ ಎಂದಿನಂತೆಯೇ ಒಳಗೆ ಬಂತು ನೋಡಿ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅದು ದುಃಖವೇ ಇರಬೇಕು ಎಂದುಕೊಂಡಿರಬಹುದು ನೀವು. ದುಃಖವೂ ಹೌದು. ಆದರೆ ಸಂಜೆ ಪೇಮಾ ಬರುವವಳಿದ್ದಳು, ಮತ್ತು ಪೇಮಾ ಎಂಬ ಹೆಸರು ಕೇಳಿದರೆ ನನಗೆ ಮೊದಲು ಆಗುವುದು ನಾಚಿಕೆ.

ನಾನು ಬೆಟ್ಟದಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯಲ್ಲಿ ಮಕ್ಕಳಿಗೊಂದು ಚಿತ್ರಕಲಾ ಶಿಬಿರ ಮಾಡುತ್ತಿದ್ದೆವು. ಊರಿನ ಮಕ್ಕಳಷ್ಟೇ ಅಲ್ಲ, ಎಚ್.ಡಿ. ಕೋಟೆ ಕಡೆಯ ಗಿರಿಜನರ ಹಾಡಿಗಳಿಂದ, ಶುಂಠಿ ಬೆಳೆಯಲು ಬಂದು ನೆಲೆಸಿದ ಮಲಯಾಳಿ ಮನೆಗಳಿಂದ, ಹುಣಸೂರಿನ ಹತ್ತಿರದ ಟಿಬೆಟನ್ನರ ಕ್ಯಾಂಪಿನಿಂದಲೂ ಮಕ್ಕಳು ಬರುತ್ತಿದ್ದರು. ‘ಎಲ್ಲ ಬಣ್ಣ ನಮ್ಮದೇ’ ಎಂದು ಬ್ಯಾನರ್ ಬರೆದವನು ನಾನೇ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದವನೂ ನಾನೇ. ಇನ್ನು ನನ್ನ ಹಿಂದಿ! ಮೂರು ವಾಕ್ಯಕ್ಕೊಂದು ‘ಮತ್‌ಲಬ್’ ಸೇರಿಸಿದರೆ ಅದು ಹಿಂದಿ ಎಂದು ನಂಬಿದ್ದೆ. ಕ್ಯಾಂಪಿನ ಮಕ್ಕಳೊಡನೆ ಕನ್ನಡ ಆಡಿ ನೋಡೋಣ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಪೇಮಾ ಆ ಕ್ಯಾಂಪಿನ ಹುಡುಗಿ. ಹದಿನೈದು ವರ್ಷದ ಹಿಂದೆ ಶಿಬಿರಕ್ಕೆ ಬಂದಾಗ ಐದನೇ ಕ್ಲಾಸೋ ಆರನೆಯದೋ. ಬಾಯಿ ಬಿಡುತ್ತಿದ್ದದ್ದೇ ಅಪರೂಪ, ಬಿಟ್ಟರೆ ಒಳ್ಳೇ ಮಾತೇ ಬರುತ್ತಿತ್ತು. ತಮ್ಮ ಮಠದಲ್ಲಿ ಲಾಮಾಗಳು ದಿನಗಟ್ಟಲೆ ಕೂತು ಬಣ್ಣದ ಮರಳಿನಲ್ಲಿ ಮಂಡಲ ಬಿಡಿಸುತ್ತಾರೆ, ಮುಗಿದ ಮೇಲೆ ಅದನ್ನೆಲ್ಲ ಗುಡಿಸಿ ನೀರಿಗೆ ಬಿಡುತ್ತಾರೆ ಎಂದು ಅವಳು ಹೇಳಿದಾಗ ನಾನು ಅದನ್ನು ಮಿಕ್ಕ ಮಕ್ಕಳಿಗೆ ನನ್ನದೇ ಜ್ಞಾನವೆಂಬಂತೆ ಒಂದು ಪೀರಿಯಡ್ಡು ವಿವರಿಸಿದ್ದೆ.

ಕೊನೆಯ ದಿನ ಶಾಲೆಯ ಬೀದಿಯ ಮನೆಮನೆಯ ಬಾಗಿಲಿಗೂ ಮಕ್ಕಳು ರಂಗೋಲಿ ಹಾಕಬೇಕೆಂದು ಗೊತ್ತುಮಾಡಿದೆವು. ನಮ್ಮ ಮನೆಯೂ ಅದೇ ಬೀದಿಯಲ್ಲಿ. ಆ ವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಅಪ್ಪ ಹೋಗಿದ್ದರು. ವರ್ಷ ತುಂಬುವ ತನಕ ಬಾಗಿಲಿಗೆ ಒಂದೆಳೆ ರಂಗೋಲಿಯೂ ಬೀಳಕೂಡದು ಎಂಬುದು ಅವ್ವನ ಹಟ. ಈ ಬಾಗಿಲು ಬಿಟ್ಟುಬಿಡಿ ಎಂದು ಮಕ್ಕಳಿಗೆ ಹೇಳಬೇಕಾದವನು ನಾನು. ಬ್ಯಾನರಿನ ಗಲಾಟೆಯಲ್ಲಿ ಮರೆತೆ. ಬೀದಿಯ ಎಲ್ಲ ಬಾಗಿಲಲ್ಲೂ ಅಷ್ಟಿಷ್ಟು ಬಿಳಿ ಗೆರೆಯಿದ್ದು ನಮ್ಮದೊಂದೇ ಬೋಳಾಗಿದ್ದದ್ದು ಕಂಡು ಪೇಮಾ ಅಲ್ಲೇ ಕೂತುಬಿಟ್ಟಿದ್ದಳು. ನಾನು ನೋಡುವಷ್ಟರಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಸೇರಿ ಅಂಗಳದ ತುಂಬ ಕಮಲ ಅರಳಿತ್ತು.

ಹಿತ್ತಲಿನಲ್ಲಿ ಹೊಗೆಸೊಪ್ಪಿನ ಸಸಿಗೆ ನೀರು ಹಾಕುತ್ತಿದ್ದ ಅವ್ವ ಬಕೆಟ್ ಹಿಡಿದೇ ಬಂದಳು.

“ಯಾವೋಳೇ ನೀನು? ಗಂಡನ್ ಕಳ್ಕಂಡು ಕುಂತಿರೋಳ ಬಾಗ್ಲಲ್ಲಿ ಅಬ್ಬ ಮಾಡ್ತಿದೀಯಲ್ಲೇ! ನಿಮ್ಮನೇಲಿ ಯಾರೂ ಸತ್ತೇ ಇಲ್ವಾ? ಎಲ್ಲಿಂದ್ಲೋ ಬಂದ್ ಮುಂಡೇವು!”

ಬಕೆಟ್ ನೀರು ಅಷ್ಟೂ ಕಮಲದ ಮೇಲೆ ಬಿತ್ತು. ಬಣ್ಣವೆಲ್ಲ ಕಲಸಿ ಚರಂಡಿಗೆ ಹರಿಯಿತು. ಅವ್ವ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಪೇಮಾ ಅಳಲಿಲ್ಲ. ಫ್ರಾಕಿಗೆ ಕೈ ಒರೆಸಿಕೊಂಡು ಹಿಂದಿಯಲ್ಲಿ ಕೇಳಿದಳು: “ಸಾರ್, ಅಜ್ಜಿ ಏನಂದರು?”

ಇನ್ನೊಂದು ಗಳಿಗೆಗೆ ಶಿಬಿರದ ಸಮಾರೋಪಕ್ಕೆ ಅತಿಥಿಗಳು ಬರುವವರು. ಎಲ್ಲ ಬಣ್ಣ ನಮ್ಮದೇ ಎಂದು ಬರೆದವನ ಮನೆಯ ಬಾಗಿಲಲ್ಲೇ ಹೀಗಾಯಿತಲ್ಲ ಎಂದು ನಾನು ಬೆವೆತುಹೋಗಿದ್ದೆ. ಹೆತ್ತ ತಾಯಿಯ ಬಗ್ಗೆ ನನಗೆ ಆ ಹೊತ್ತು ಅಸಹ್ಯವಾಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನನ್ನ ಘನವಾದ ಹಿಂದಿಯಲ್ಲಿ ಹೇಳಿದೆ: “ತುಂಬಾ ಚೆನ್ನಾಗಿದೆ ಅಂದರು. ನಮ್ಮಲ್ಲೂ ನಿಮ್ಮ ಹಾಗೇ, ಚೆನ್ನಾಗಿರುವುದನ್ನು ಕೊನೆಗೆ ನೀರಿಗೆ ಬಿಡುತ್ತೇವೆ.”

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದಳು. ಎಂಥ ಸಮಯಸ್ಫೂರ್ತಿ ನನ್ನದು ಎಂದು ಆವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರನೆಯ ದಿನ ಊರಿಗೆ ಹೊರಡುವ ಮುಂಚೆ ಪೇಮಾ, ಜೊತೆಗೆ ಬಂದಿದ್ದ ಅವರ ಟೀಚರಿಂದ ಒಂದು ಬಿಳಿಯ ರೇಷ್ಮೆ ಪಟ್ಟಿ ಇಸಿದುಕೊಂಡು ನಮ್ಮ ಮನೆಗೆ ಬಂದಳು. ಅವರು ಅದನ್ನು ಖತಾ ಎನ್ನುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಅವ್ವನ ಕೊರಳಿಗೆ ಹಾಕಿ, ತಲೆಬಾಗಿ ಹೋದಳು. ಅವ್ವ ಪಟ್ಟಿಯ ತುದಿ ಹಿಡಿದು ನೋಡಿ ನನ್ನನ್ನು ಕೇಳಿದಳು:

“ಬೈದೋಳಿಗೆ ಯಾಕ್ಲಾ ಶಾಲು?”

“ಅವ್ರು ಎಲ್ರಿಗೂ ಆಕ್ತಾರೆ ಬುಡವ್ವ.”

ಅವ್ವ ಬಿಡಲಿಲ್ಲ. ಪಟ್ಟಿಯನ್ನು ತನ್ನ ಧಾರೆಸೀರೆಯ ಜೊತೆ ಟ್ರಂಕಿನಲ್ಲಿಟ್ಟಳು. ಆಗಾಗ ತೆಗೆದು ಮುಟ್ಟಿ ನೋಡುವಳು. “ಆ ಕೂಸಿನ ತಾವ ಒಂದ್ಸಲ ಕರ್ಕೊಂಡೋಗ್ಲಾ. ತಪ್ಪಾಯ್ತು ಕಣವ್ವ ಅಂದ್ಬುಟ್ಟು ಬತ್ತೀನಿ,” ಎನ್ನುವಳು. ಕರೆದುಕೊಂಡು ಹೋದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಸಸಿ ನಾಟಿ ಮುಗೀಲಿ ಎಂದೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿ ಆರಲಿ ಎಂದೆ, ಬಸ್ಸು ರಶ್ಶು ಎಂದೆ. ಕಣ್ಣಿನ ಆಪರೇಷನ್ನಿಗೆ ಹುಣಸೂರಿಗೆ ಕರೆದುಕೊಂಡು ಹೋದಾಗಲೂ, “ಇಲ್ಲೇ ಅತ್ರ ಅಲ್ವೇನ್ಲಾ ಆ ಕ್ಯಾಂಪು?” ಎಂದು ಕೇಳಿದಳು. ಬಿಸಿಲು ಜಾಸ್ತಿ ಎಂದೆ. ಆಮೇಲೆ ಅವಳು ಕೇಳುವುದನ್ನೇ ನಿಲ್ಲಿಸಿದಳು.

ಅವ್ವ ಹೋದ ಸುದ್ದಿಯನ್ನು ಶಿಬಿರದ ಹಳೇ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮೈಸೂರಿನಲ್ಲಿ ನರ್ಸಾಗಿರುವ ಪೇಮಾ ಇವತ್ತು ಸಂಜೆಯ ಬಸ್ಸಿಗೆ ಬಂದಳು. ಇನ್ನೊಂದು ಖತಾ ತಂದಿದ್ದಳು. ಅವ್ವನ ಫೋಟೋಕ್ಕೆ ಹಾಕಿ ಕೈಮುಗಿದಳು. ನನಗೆ ತಡೆಯಲಾಗಲಿಲ್ಲ, ಅದೇ ನನ್ನ ಹಿಂದಿಯಲ್ಲಿ ಹೇಳಿಬಿಟ್ಟೆ.

“ಪೇಮಾ, ಆವತ್ತು ಅವ್ವ ಚೆನ್ನಾಗಿದೆ ಅನ್ನಲಿಲ್ಲಮ್ಮ. ಬೈದಳು. ಆಮೇಲೆ ನಿನ್ನ ಹತ್ರ ತಪ್ಪಾಯ್ತು ಅನ್ನಬೇಕು ಅಂತ ವರ್ಷಗಟ್ಟಲೆ ಕೇಳಿದಳು. ನಾನೇ ಕರಕೊಂಡು ಬರಲಿಲ್ಲ.”

“ಬೈದದ್ದು ಗೊತ್ತು ಸಾರ್,” ಎಂದಳು, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ. “ನಮ್ ಕ್ಯಾಂಪಿಗೆ ತರಕಾರಿ ತರೋರೆಲ್ಲ ಈ ಕಡೆಯೋರೇ ಅಲ್ವಾ. ಬೈಗುಳಾನೇ ಮೊದ್ಲು ಕಲ್ತಿದ್ದು. ಅಜ್ಜಿ ಗಂಡನ್ನ ಕಳ್ಕೊಂಡೆ ಅಂದ್ರಲ್ಲ. ಸಾವಾದ ಮನೆಗೆ ನಾವು ಖತಾ ತರ್ತೀವಿ. ಅದಕ್ಕೇ ತಂದೆ.”

“ಮತ್ತೆ ಏನಂದರು ಅಂತ ನನ್ನ ಯಾಕೆ ಕೇಳಿದೆ?”

“ತೀರ್ಕೊಂಡೋರು ನಿಮ್ಮಪ್ಪ ಅಲ್ವಾ ಸಾರ್? ನೀವೇ ಅವರ ವಿಷ್ಯ ಹೇಳ್ತೀರೇನೋ ಅಂತ ಕೇಳ್ದೆ.”

ಬೈದವಳು ಒಂದೇ ದಿನಕ್ಕೆ ಕರಗಿದ್ದಳು, ಬೈಸಿಕೊಂಡವಳಿಗೆ ಆಗಲೇ ಎಲ್ಲ ತಿಳಿದಿತ್ತು. ನಡುವೆ ಅಡ್ಡ ಕೂತವನು ನಾನೊಬ್ಬನೇ. ಪೇಮಾ ಚಾಪೆಯ ಮೇಲೆ ನನ್ನ ಎದುರು ಕೂತಳು.

“ಈಗ ಹೇಳಿ ಸಾರ್. ಹೇಗಿದ್ರು ನಿಮ್ಮಪ್ಪ?”

ಹೆಂಡತಿ ಕಾಫಿ ತಂದಿಟ್ಟಳು. ಆರಿಹೋಗುವ ತನಕ ನಾನು ಅಪ್ಪನ ಬಗ್ಗೆ ಹೇಳಿದೆ, ಕನ್ನಡದಲ್ಲಿ.