ಹಂಚಬಾರದ ನೀರು

ಅವ್ವನ ಹೊಟ್ಟೆನೋವು ಹೋಗಲಿಲ್ಲ, ಮೈಯೂ ಇಳಿದುಹೋಯಿತು. ಕರುಳಿನಲ್ಲಿ ಗಂಟಿರಬಹುದು, ರಾಯಚೂರಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿ ಎಂದರು ದೇವದುರ್ಗದ ಡಾಕ್ಟರು. ನನ್ನ ತಲೆಯಲ್ಲಿ ಕ್ಯಾನ್ಸರ್ ಎಂಬ ಮಾತೊಂದೇ ಕೊರೆಯುತ್ತಿತ್ತು. ಬಸ್ಸಿನುದ್ದಕ್ಕೂ ಅವ್ವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ.

ಸ್ಕ್ಯಾನ್ ಸೆಂಟರಿನಲ್ಲಿ ನರ್ಸ್ ದೊಡ್ಡ ಬಾಟಲಿ ತುಂಬ ಔಷಧಿ ಕಲಸಿದ ನೀರು, ಒಂದೆರಡು ಕಾಗದದ ಲೋಟ ಕೊಟ್ಟಳು. "ಸ್ವಲ್ಪ ಸ್ವಲ್ಪನ ಎಲ್ಲಾ ಕುಡೀರಿ ಯವ್ವಾ. ಇದು ಕರುಳಾಗ ತುಂಬಿದ್ರನ ಫೋಟೋದಾಗ ಛಲೋ ಕಾಣ್ತದ," ಎಂದಳು. ಹಳೆಯ ರಿಪೋರ್ಟು ತೋರಿಸಲು ನಾನು ಒಳಗೆ ಹೋದೆ. ತಿರುಗಿ ಬಂದರೆ, ಅವ್ವನ ಪಕ್ಕದಲ್ಲಿ ಕೂತಿದ್ದ ಮಾನ್ವಿಯ ಹೆಂಗಸಿನ ಕೈಯಲ್ಲೂ ಒಂದು ಲೋಟ. ಗಂಡನ ಸ್ಕ್ಯಾನಿಗೆಂದು ಬಂದಿದ್ದ ಆಕೆ ಮುಖ ಕಿವಿಚಿಕೊಂಡು ಗುಟುಕರಿಸುತ್ತಿದ್ದಳು.

"ಏನ್ ಮಾಡಾಕತ್ತಿ ಬೇ?" ಎಂದು ಅವ್ವನ ಮೇಲೆ ರೇಗಿದೆ.

"ಮಂದಿ ಮುಂದ ಒಬ್ಬಾಕಿನ ಹೆಂಗ ಕುಡೀಲಿ? ಆಕೀನೂ ಮುಂಜಾನಿಂದ ಹಸಕೊಂಡು ಕುಂತಾಳ."

"ಅದೇನು ಶರಬತ್ತಾ?"

ಆ ಹೆಂಗಸು ಲೋಟ ಕೆಳಗಿಟ್ಟಳು. "ಸಿಟ್ಟಾಗಬ್ಯಾಡ ಬೇಟಿ. ದವಾ ಅಂತ ನನಗೂ ಗೊತ್ತಾತು. ದೊಡ್ಡಾಕಿ ಕೊಟ್ಟಾಗ ಬ್ಯಾಡ ಅನ್ನಾಕ ಮನಸಾಗಲಿಲ್ಲ."

ನರ್ಸ್ ಗೊಣಗುತ್ತಲೇ ಆಕೆಗೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ, ಅವ್ವನ ಬಾಟಲಿ ಮತ್ತೆ ತುಂಬಿಸಿಕೊಟ್ಟಳು. ನಾನು ಕಾವಲು ಕೂತೆ. ಅವ್ವ ಕಳ್ಳತನ ಮಾಡುವವಳ ಹಾಗೆ ಗೋಡೆ ಕಡೆ ತಿರುಗಿ ಕುಡಿದಳು. ಚಹಾ ಬಂದರೂ ಅರ್ಧವನ್ನು ಕಪ್ಪಿನಡಿಯ ಬಸಿಗೆ ಸುರಿದು ಪಕ್ಕದವರಿಗೆ ಕೊಟ್ಟೇ ಕಪ್ಪು ಬಾಯಿಗಿಡುವ ಜೀವ ಅದು. ಆದರೂ ನಾನು ಬಾಟಲಿ ಖಾಲಿಯಾಗುವವರೆಗೆ ಕಣ್ಣು ತೆಗೆಯಲಿಲ್ಲ.

ಸ್ಕ್ಯಾನಿನಲ್ಲಿ ಕರುಳು ಬಾತಿದ್ದು ಕಂಡಿತು. ಆಮೇಲಿನ ತಪಾಸಣೆಗಳೆಲ್ಲ ಮುಗಿದಾಗ ಅದು ಕ್ಯಾನ್ಸರ್ ಅಲ್ಲ, ಕರುಳಿನ ಟಿ.ಬಿ., ಗುಳಿಗೆಯಿಂದ ವಾಸಿಯಾಗುತ್ತದೆ ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವ್ವನ ಕಿವಿಗೆ ಬಿದ್ದದ್ದು ಟಿ.ಬಿ. ಎಂಬುದೊಂದೇ. "ಶ್ವಾಸಕೋಶ ಸ್ವಚ್ಛ ಅದ, ಉಂಡ ಗಂಗಾಳ, ಕುಡದ ಕಪ್ಪಿನಿಂದ ಇದು ಹರಡಂಗಿಲ್ರಿ," ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಮನೆಗೆ ಬಂದವಳೇ ತನ್ನ ಗಂಗಾಳ, ಕಪ್ಪು, ಬಸಿ ಬೇರೆ ಗೂಡಿನಲ್ಲಿಟ್ಟಳು. ನಮ್ಮದೆಲ್ಲ ಆದ ಮೇಲೆ ಒಬ್ಬಳೇ ಗೋಡೆ ಕಡೆ ಮುಖ ಮಾಡಿ ಚಹಾ ಕುಡಿಯತೊಡಗಿದಳು. ಬೈದೆ, ಬೇಡಿಕೊಂಡೆ, ಕೇಳಲಿಲ್ಲ. ಕೊನೆಗೆ ಒಂದು ಸಂಜೆ ಪಕ್ಕದಲ್ಲಿ ಹೋಗಿ ಕೂತು, ಅವಳ ಕೈಯಿಂದ ಕಪ್ಪು ತೆಗೆದುಕೊಂಡು ಅರ್ಧ ಬಸಿಗೆ ಸುರಿದು ಕುಡಿದುಬಿಟ್ಟೆ.

"ಹುಚ್ಚಿ ಅದಿ ಏನ್?"

"ಮಂದಿ ಮುಂದ ಒಬ್ಬಾಕಿನ ಹೆಂಗ ಕುಡೀತಿ?" ಎಂದೆ.

ಅವ್ವ ನನ್ನ ಕೈಯಿಂದ ಕಪ್ಪು ಇಸಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕೂತು, ಉಳಿದದ್ದನ್ನು ಕುಡಿದಳು.