ಗುರುಸಿದ್ದವ್ವ ಕೇಳಿಸಿದ ಬೇರೆ ಲೋಕ

ಹಳಿಯಾಳ ಕಡೆಯ ಗುರುಸಿದ್ದವ್ವ ಅಂಬಿಕಾನಗರದ ಕಾಲೊನಿಗೆ ಬಂದದ್ದು ಮದುವೆಯಾಗಿ. ಗಂಡ ಶೇಖಪ್ಪ ಅಲ್ಲಿನ ಜಲವಿದ್ಯುತ್ ಪವರ್‌ಹೌಸಿನಲ್ಲಿ ಫಿಟ್ಟರ್. ಅವನು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೂ ಅಲ್ಲೇ ಹೆಲ್ಪರ್ ಕೆಲಸ ಸಿಕ್ಕಿತು. ಉಳಿದವರು ಅವಳ ಕೈಗೆ ಕಸಬರಿಗೆ ಕೊಟ್ಟರೆ, ಹಿರಿಯ ಫಿಟ್ಟರ್ ಈಶಪ್ಪ ಒಂದು ಮರದ ಕೋಲು ಕೊಟ್ಟ. ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ ಕೇಳುವುದನ್ನು ಕಲಿಸಿದ. ಹತ್ತು ವರ್ಷದಲ್ಲಿ, ಯಾವ ಬೇರಿಂಗ್ ಸವೆಯುತ್ತಿದೆಯೆಂದು ಎಲ್ಲರಿಗಿಂತ ಮೊದಲು ಹೇಳುವವಳು ಅವಳೇ ಆದಳು.

೨೦೦೨ರ ಬೇಸಿಗೆಯಲ್ಲಿ ಧಾರವಾಡದ ಉದಯಕುಮಾರ ಪರವಾನಿಗೆ ಪತ್ರ ಹಿಡಿದು ಬಂದ. ಸಿನಿಮಾಗಳಿಗೆ ಧ್ವನಿಮುದ್ರಣ ಮಾಡುವವನು. ಬೇರೊಂದು ಗ್ರಹದಲ್ಲಿ ನಡೆಯುವ ಕತೆಗೆ ಅವನಿಗೆ ಸದ್ದು ಬೇಕಿತ್ತು. ಎರಡು ದಿನ ಯಂತ್ರಗಳ ಮುಂದೆ ಮೈಕ್ ಹಿಡಿದು ನಿಂತ. ಕೇಳಿ ನೋಡಿದರೆ ಬರೀ ಕಾರ್ಖಾನೆಯ ಗದ್ದಲ. ಸಪ್ಪಗೆ ಕೂತವನಿಂದ ಸಿನಿಮಾದ ಕತೆ ತಿಳಿದುಕೊಂಡ ಗುರುಸಿದ್ದವ್ವ ಚಹಾ ಕೊಡುತ್ತ ಕೇಳಿದಳು:

“ಆ ಲೋಕದಾಗ ಗಾಳಿ ಐತೇನ್ರಿ?”

“ಭಾಳ ತೆಳ್ಳಗ ಐತ್ರಿ ಅಕ್ಕಾರ. ಇದ್ದೂ ಇಲ್ಲದಂಗ.”

“ಮತ್ತ ಗಾಳ್ಯಾಗಿನ ಸದ್ದು ಯಾಕ ಹುಡುಕಾಕತ್ತೀರಿ? ಅಲ್ಲಿ ನೆಲಾ, ಕಲ್ಲು ಮಾತಾಡಬೇಕು. ಬರ್ರಿ, ಹೋಗೂಣು.”

ಗುಡ್ಡದಿಂದ ನೀರು ಇಳಿಸುವ ಭಾರೀ ಕೊಳವೆಯ ಬಳಿ ಅವನನ್ನು ಕರೆದೊಯ್ದು ಕೋಲು ಒತ್ತಿ ಹಿಡಿದಳು. ಅವನು ಕಿವಿ ಇಟ್ಟ. ಯಾರೋ ಬಲು ದೂರದಿಂದ ಒಂದೇ ಉಸಿರಿನಲ್ಲಿ ಕರೆಯುತ್ತಿರುವಂಥ ನಾದ. ನಡುನಡುವೆ ಸಣ್ಣಗೆ ಟಿಣ್ ಎಂಬ ಸದ್ದು. ಕಣ್ಣು ಮುಚ್ಚಿದ ಉದಯಕುಮಾರ ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಸಣ್ಣ ಮೈಕನ್ನು ಕಬ್ಬಿಣಕ್ಕೇ ಅಂಟಿಸಿದ. “ಅಲ್ಲಿ ಬ್ಯಾಡ್ರಿ, ನಾಕ ಹೆಜ್ಜಿ ಮ್ಯಾಲ” ಎಂದು ಅವಳು ಸಂಜೆಯವರೆಗೆ ಅವನನ್ನು ಓಡಾಡಿಸಿದಳು.

ಮರುವರ್ಷ ಸಿನಿಮಾ ದಾಂಡೇಲಿಗೆ ಬಂತು. ಗುರುಸಿದ್ದವ್ವ ಮಗಳು ಶಿವಗಂಗಾಳ ಜೊತೆ ಹೋದಳು. ಪರದೆಯ ಮೇಲೆ ಬಟಾಬಯಲು. ಸಂಗೀತ ನಿಂತಿತು. ಗಗನಯಾತ್ರಿ ಬಂಡೆಯ ಮೇಲೆ ಅಂಗೈ ಊರಿದ್ದೇ ತಡ, ಆ ನಾದ ಥೇಟರಿನ ತುಂಬ ಹಬ್ಬಿತು. ಸೀಟಿ ಹೊಡೆಯುತ್ತಿದ್ದವರು ಗಪ್‌ಚಿಪ್. ಹಿಂದಿನ ಸಾಲಿನಲ್ಲಿ ಒಬ್ಬ ಪಿಸುಗುಟ್ಟಿದ: “ಇದನ್ನ ಹೆಂಗ ಮಾಡ್ಯಾರಲೇ?”

ಗುರುಸಿದ್ದವ್ವ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು.

ಕೊನೆಗೆ ಹೆಸರುಗಳು ಮೂಡಿದಾಗ ಜನ ಎದ್ದು ಹೊರಟರು. ಮಗಳು ಕೂಗಿಯೇಬಿಟ್ಟಳು: “ಅವ್ವಾ, ನಿನ್ನ ಹೆಸರು!”

ಮರುದಿನ ಪಾಳಿಯಲ್ಲಿ ಕೇಳಿದವರಿಗೆಲ್ಲ ಅವಳು ಹೇಳಿದ್ದು ಒಂದೇ: “ಆ ಲೋಕದ ಸದ್ದು ನಮ್ಮ ಪವರ್‌ಹೌಸಿಂದು. ಹುಡುಕಿ ಕೊಟ್ಟಾಕಿ ನಾ.”