ಪೈಠಣದಲ್ಲಿ ಚಿಪ್ಪುಗಳ ಸಾಗಣೆ

ಪೈಠಣದ ಗೋದಾವರಿ ತೀರದಲ್ಲಿ ವಿಜಯಪುರದ ಕಡೆಯ ಅಂಬಿಗ ಮಲ್ಲಪ್ಪನು ತನ್ನ ದೋಣಿಯನ್ನು ಮಗುಚಿ ಹಾಕಿ, ತಳಕ್ಕೆ ಅಂಟಿದ್ದ ಸಣ್ಣ ಚಿಪ್ಪುಗಳನ್ನು ಕೆರೆದು ತೆಗೆಯುತ್ತಿದ್ದನು. ಅವುಗಳೊಳಗೆ ಜೀವವಿತ್ತು. ಏಕಾದಶಿಯ ದಿನ ಅವು ಸುಡುವ ಮರಳಿಗೆ ಬೀಳುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ.

“ಇವನ್ನು ನೀರಿಗೆ ಬಿಡಬಾರದೇನಪ್ಪಾ?” ಎಂದೆನು.

“ಇಲ್ಲೇ ಬಿಟ್ರ ಮತ್ತ ನನ್ನ ದೋಣಿಗೇ ಹತ್ತತಾವ್ರಿ ಅಜ್ಜಾರ. ತಳ ಭಾರಾದ್ರ ಹುಟ್ಟು ಹಾಕಿ ಹಾಕಿ ರಟ್ಟಿ ಬೀಳ್ತಾವ. ಆ ಹಸಿರು ದೋಣಿ ಹತ್ರ ಬಿಡ್ರಿ, ಅಲ್ಲಿ ನೀರು ಭಾಳ ತಂಪ ಅದ.”

ನಾನು ಚಿಪ್ಪುಗಳನ್ನು ಪೂಜೆಯ ತಂಬಿಗೆಯಲ್ಲಿ ತುಂಬಿಕೊಂಡು, ನಾರಾಯಣಸ್ಮರಣೆ ಮಾಡುತ್ತ ನಡೆದು, ಹಸಿರು ದೋಣಿಯ ಬಳಿ ಮೆಲ್ಲನೆ ನೀರಿಗೆ ಬಿಟ್ಟೆನು. ತಿರುಗಿ ನೋಡಿದರೆ, ಆ ದೋಣಿಯ ಒಡೆಯನೂ ಮಲ್ಲಪ್ಪನ ತಮ್ಮನೂ ಆದ ಭೀಮಶಿಯು ಡಾಂಬರಿನ ಕುಂಚ ಹಿಡಿದು ನಿಂತಿದ್ದನು. ಚಿಪ್ಪು ಅಂಟದಿರಲೆಂದು ಆಗಷ್ಟೇ ತಳಕ್ಕೆಲ್ಲ ಡಾಂಬರು ಬಳಿದಿದ್ದನಂತೆ.

“ನಮ್ಮಣ್ಣ ಕಳಿಸಿದನೇನ್ರಿ?”

“ಹೌದಪ್ಪಾ.”

ಅವನು ಸಿಟ್ಟಾಗಲಿಲ್ಲ. ನನಗೆ ಭಕ್ತಿಯಿಂದ ಕೈಮುಗಿದು, ತಾನು ಬೆಳಗ್ಗೆ ಕೆರೆದಿಟ್ಟಿದ್ದ ಚಿಪ್ಪುಗಳ ದೊಡ್ಡ ಬುಟ್ಟಿಯೊಂದನ್ನು ತಂದು ಮುಂದಿಟ್ಟನು.

“ಇವೂ ಮುಂಜಾನಿಂದ ಉಪವಾಸ ಅದಾವ್ರಿ ಅಜ್ಜಾರ. ಅಣ್ಣನ ದೋಣಿ ಹತ್ರ ಬಿಟ್ಟು ಪುಣ್ಯಾ ಕಟಗೋರಿ.”

ಬಗ್ಗಿ ನೋಡಿದೆನು. ಅವುಗಳಲ್ಲಿಯೂ ಜೀವವಿತ್ತು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಂದ ದಾರಿಯಲ್ಲೇ ಹೊರಟೆನು.